ಬಿಚ್ಚಿಟ್ಟ ಕಾರು, ಹೇಳದೆ ಉಳಿದ ಲೆಕ್ಕ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ವಯಸ್ಸು 43. ಹೆಂಡತಿ, ಮಗಳ ಜೊತೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ. ಚಿಕ್ಕಂದಿನಿಂದ ಹಳೆಯ ಸ್ಪೋರ್ಟ್ಸ್ ಕಾರಿನ ಹುಚ್ಚು. 2019ರಲ್ಲಿ 1972ನೇ ಮಾಡೆಲ್‌ನ ಎಂಜಿಬಿ ರೋಡ್‌ಸ್ಟರ್ ಒಂದನ್ನು ಕೊಂಡೆ. ಪಕ್ಕದ ಮನೆಯ ಹಿರಿಯರೊಬ್ಬರು ಹಿಂದೆ ಇಲ್ಲಿನ ಟ್ರಯಂಫ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರೂ ನಾನೂ ಸೇರಿ ಶನಿವಾರ ಶನಿವಾರ ಕೂತು ಬಿಚ್ಚುತ್ತಾ ಹೋದೆವು. ಎರಡು ವರ್ಷದ ಹಿಂದೆ ಅವರು ಮನೆ ಮಾರಿ ಮಗಳ ಊರಿಗೆ ಹೊರಟುಹೋದರು. ಆಮೇಲೆ ನಾನೊಬ್ಬನೇ ಎಡಗಡೆಯ ಸಿಲ್ ಕತ್ತರಿಸಿದೆ. ಒಳಗೆ ನೋಡಿದರೆ ಎಲ್ಲಾ ತುಕ್ಕು. ಈಗ ಬಾಗಿಲು ಅದರ ಜಾಗದಲ್ಲಿ ಕೂರುತ್ತಿಲ್ಲ. ಅಂದಿನಿಂದ ಗ್ಯಾರೇಜಿಗೆ ಹೋಗುವುದೇ ಬಿಟ್ಟಿದ್ದೇನೆ. ಆದರೆ ರಾತ್ರಿ ಹೊತ್ತು ಸಾಮಾನು ಆರ್ಡರ್ ಮಾಡುವುದು ಮಾತ್ರ ನಿಂತಿಲ್ಲ. ಕ್ರೋಮ್ ಬಂಪರ್, ಸೀಟಿನ ಚರ್ಮ ಎಲ್ಲಾ ಬಂದು ಪೆಟ್ಟಿಗೆಯಲ್ಲೇ ಇವೆ. ನಾಲ್ಕು ಸಾವಿರ ಪೌಂಡ್ ಖರ್ಚಾಗಿದೆ ಎಂದು ಹೆಂಡತಿಗೆ ಹೇಳಿದ್ದೇನೆ. ನಿಜಕ್ಕೂ ಹನ್ನೊಂದು ಸಾವಿರ ದಾಟಿದೆ, ಸ್ವಲ್ಪ ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಇದೆ. ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ "ಏನಪ್ಪಾ, ಗಾಡಿ ಎಲ್ಲಿಗೆ ಬಂತು?" ಅಂತಾರೆ. "ಇನ್ನೇನು, ಪೇಂಟಿಂಗ್ ಒಂದೇ ಬಾಕಿ" ಎಂದು ಸುಳ್ಳು ಹೇಳುತ್ತೇನೆ. ಮೊನ್ನೆ ಹೆಂಡತಿ ಅಂದಳು, "ಅಲ್ಲಿಗೂ ಹೋಗಲ್ಲ, ಇಲ್ಲೂ ಇರಲ್ಲ. ನೀನು ಎಲ್ಲಿರ್ತೀಯ ಅಂತಲೇ ಗೊತ್ತಾಗಲ್ಲ." ಮಾರಲು ಮನಸ್ಸಿಲ್ಲ, ಮುಗಿಸಲು ಧೈರ್ಯವಿಲ್ಲ. ಒಂದು ಕಾರಿಗೆ ಇಷ್ಟು ಕೊರಗುತ್ತೇನೆಂದು ಹೇಳಿಕೊಳ್ಳಲೂ ನಾಚಿಕೆ. ಏನು ಮಾಡಲಿ?

– ಹೆಸರು ಬೇಡ

ಉತ್ತರ: ಮನೆಯಲ್ಲಿ ಯಾರಿಗೂ ಹೇಳದ ಲೆಕ್ಕವನ್ನು ನನಗೆ ಬರೆದು ತಿಳಿಸಿದ್ದೀರಿ. ಅದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕಾಯಿತೆಂಬ ಅಂದಾಜು ನನಗಿದೆ. ಕಾರಿಗಾಗಿ ಕೊರಗುತ್ತೇನೆಂದು ನಾಚಿಕೊಳ್ಳಬೇಡಿ. ಆಸೆಪಟ್ಟು ಕೈಹಾಕಿದ ಕೆಲಸ ನಡುವೆ ನಿಂತರೆ ಎಂಥವರಿಗೂ ಸಂಕಟವಾಗುತ್ತದೆ. ಅದು ದಿನವೂ ದಾಟಿಹೋಗುವ ಬಾಗಿಲ ಹಿಂದೆಯೇ ನಿಂತಿದ್ದರೆ ಕೇಳುವುದೇ ಬೇಡ. ಎಂಜಿನ್ ಒಂದು ಮೂಲೆಯಲ್ಲಿ, ಬಾಡಿ ಸ್ಟ್ಯಾಂಡಿನ ಮೇಲೆ, ನಟ್ಟು ಬೋಲ್ಟುಗಳು ಹತ್ತಾರು ಡಬ್ಬಿಗಳಲ್ಲಿ. ಯಾವುದು ಎಲ್ಲಿಯದೆಂಬ ನೆನಪು ದಿನದಿನಕ್ಕೆ ಮಾಸುತ್ತಿರುತ್ತದೆ. ಬಾಗಿಲು ತೆರೆದರೆ ಅಷ್ಟೂ ಒಟ್ಟಿಗೆ ಎದೆಯ ಮೇಲೆ ಬಂದು ಕೂರುತ್ತದೆ. ಹಾಗಾಗಿ ಬಾಗಿಲು ತೆರೆಯದಿರುವುದೇ ವಾಸಿ ಎನಿಸಿದೆ. ನೀವು ಇದನ್ನು ಸೋಮಾರಿತನ ಎಂದುಕೊಂಡಿದ್ದೀರಿ, ಪತ್ರದ ಉದ್ದಕ್ಕೂ ಅದೇ ಧ್ವನಿ ಇದೆ. ನನಗೆ ಹಾಗೆ ಕಾಣುವುದಿಲ್ಲ. ನೋವಾಗುವ ಜಾಗದಿಂದ ಮನಸ್ಸು ಹಿಂದೆ ಸರಿಯುತ್ತದೆ, ಅಷ್ಟೇ.

ಇದನ್ನು ಓದುತ್ತಿರುವ ಬಹುಪಾಲು ಜನರ ಮನೆಯಲ್ಲಿ ಎಂಜಿಬಿ ಇರಲಾರದು. ಆದರೆ ಮೈಸೂರಿನಲ್ಲಿ ತಯಾರಾದ, ಅಪ್ಪನ ಕಾಲದ ಯೆಜ್ಡಿ ಬೈಕು ಎಂಜಿನ್ ಇಳಿಸಿದ ಸ್ಥಿತಿಯಲ್ಲಿ ಇರಬಹುದು. ಟಾರ್ಪಾಲು ಹೊದ್ದ ಪದ್ಮಿನಿ ಕಾರು ಇರಬಹುದು, ಅರ್ಧಕ್ಕೆ ನಿಂತ ಪಿಎಚ್.ಡಿ. ಇರಬಹುದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಹಳೆಯ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವುದೂ ಅದೇ ಸಾಲಿಗೆ ಸೇರಿದ ಕೆಲಸ. ಅಂದಾಜು ಹಾಕಿದ್ದಕ್ಕಿಂತ ಹೆಚ್ಚು ದುಡ್ಡು, ಹೆಚ್ಚು ಸಮಯ ಕೇಳುತ್ತದೆ. ನಡುವೆ ಕೈಬಿಟ್ಟವರು ಎಷ್ಟೋ ಜನ. ಎಂಜಿಬಿಯನ್ನೇ ತೆಗೆದುಕೊಳ್ಳಿ: ಕೊಂಡವರೊಬ್ಬರು, ಬಿಚ್ಚಿದವರೊಬ್ಬರು, ಕೊನೆಗೆ ಓಡಿಸಿದವರು ಇನ್ನೊಬ್ಬರು, ಹೀಗೆ ಕೈ ಬದಲಾಯಿಸುತ್ತಾ ಬಂದ ಕಾರುಗಳು ಬೇಕಾದಷ್ಟಿವೆ. ಬೇಸಿಗೆಯ ಪ್ರದರ್ಶನಗಳಲ್ಲಿ ಫಳಫಳ ಹೊಳೆಯುವ ಕಾರನ್ನು ನೋಡಿ ನಿಮ್ಮನ್ನು ನೀವು ಹಳಿದುಕೊಳ್ಳುತ್ತಿದ್ದರೆ, ಆ ಹೊಳಪಿನ ಹಿಂದೆ ಎಷ್ಟು ಮಾಲೀಕರ ಎಷ್ಟು ವರ್ಷ ಇದೆಯೆಂದು ಒಮ್ಮೆ ಕೇಳಿ ನೋಡಿ.

ನೀವು ನಿಂತ ಜಾಗವನ್ನೂ ಗಮನಿಸೋಣ, ಏಕೆಂದರೆ ನಿಮ್ಮ ಆತ್ಮವಿಶ್ವಾಸ ಮುರಿದದ್ದು ಅಲ್ಲೇ. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲ್ಛಾವಣಿಯಿಲ್ಲದ ರೋಡ್‌ಸ್ಟರ್‌ನಲ್ಲಂತೂ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಸಿಲ್‌ಗಳೇ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರುತ್ತವೆ. ಅವು ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ಇನ್ನೊಂದು ಸೇರಿ ಪೆಟ್ಟಿಗೆಯ ಹಾಗೆ ಇರುತ್ತವೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಚೆಲ್ಲುವ ಉಪ್ಪು, ಕೆಸರು, ತೇವ ಅಲ್ಲಿ ಸೇರಿಕೊಂಡು ಒಳಗಿನಿಂದಲೇ ತಿನ್ನುತ್ತವೆ. ಹೊರಗೆ ಕಾಣುವುದು ಬಣ್ಣದ ಕೆಳಗೆ ಎದ್ದ ಎರಡು ಗುಳ್ಳೆ ಮಾತ್ರ. ಬಾಗಿಲ ಕಂಡಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬಿಗಿಯದೆ ಸಿಲ್ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಜಗ್ಗುತ್ತದೆ, ಬಾಗಿಲ ಸಂದು ಕಿರಿದಾಗುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಎಂದು ತೋರುತ್ತದೆ. ಮನೆಯಲ್ಲೇ ಈ ಕೆಲಸಕ್ಕೆ ಇಳಿದವರು ಎಡವುವ ಜಾಗ ಇದು, ನಿಮ್ಮೊಬ್ಬರದೇ ದಡ್ಡತನ ಎಂದುಕೊಳ್ಳಬೇಡಿ. ಬಾಡಿಯನ್ನು ಜಿಗ್‌ನಲ್ಲಿ ಕೂರಿಸಿ ಅಳತೆ ನೋಡಿ ಸರಿಮಾಡುವ ವರ್ಕ್‌ಶಾಪ್‌ಗಳು ಇಂಗ್ಲೆಂಡಿನಲ್ಲಿವೆ. ಎಂಜಿಬಿ ತಯಾರಾಗುತ್ತಿದ್ದ ಆಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿದರೂ, ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆಯವರು 1988ರಿಂದ ಎಂಜಿಬಿಗೆ ಇಡೀ ಹೊಸ ಬಾಡಿಯನ್ನೇ ತಯಾರಿಸಿ ಮಾರಿದ್ದಾರೆ. ನಿಮ್ಮ ಕಾರು ಕೈಮೀರಿ ಹೋಗಿಲ್ಲ. ಆ ಒಂದು ಕೆಲಸ ಒಬ್ಬರೇ ಮಾಡುವಂಥದ್ದಾಗಿರಲಿಲ್ಲ, ಅಷ್ಟೇ.

ಒಬ್ಬರೇ ಎಂದ ಕೂಡಲೇ ಪಕ್ಕದ ಮನೆಯ ಹಿರಿಯರ ನೆನಪಾಗುತ್ತದೆ. ಅವರು ಊರು ಬಿಟ್ಟ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಪತ್ರವನ್ನು ಮತ್ತೆ ಓದಿದಾಗ ಕಣ್ಣು ನಿಂತದ್ದು ಅಲ್ಲೇ. ಅವರಿದ್ದಷ್ಟು ದಿನ ಕೆಲಸ ನಡೆಯಿತು. ಅವರು ಹೋದ ಮೇಲೆ ಸಿಲ್ ಕತ್ತರಿಸಿದಿರಿ, ಆಮೇಲೆ ಎಲ್ಲ ನಿಂತಿತು. ನಿಮ್ಮ ಶನಿವಾರಗಳಲ್ಲಿ ಕಾರು ಎಷ್ಟಿತ್ತೋ ಆ ಮನುಷ್ಯರೂ ಅಷ್ಟೇ ಇದ್ದರು: ಅವರ ಅನುಭವ, ಕಾರ್ಖಾನೆಯ ಕಥೆಗಳು, ನಡುವೆ ಕುಡಿದ ಚಹಾ. ಊರಿನಿಂದ ಅಷ್ಟು ದೂರ ಇರುವವರಿಗೆ ಹಿರಿಯರೊಬ್ಬರು ಜೊತೆಯಲ್ಲಿ ಕೂತು ಕೆಲಸ ಹೇಳಿಕೊಡುವುದು ಸಣ್ಣ ಭಾಗ್ಯವೇನಲ್ಲ. ಅದು ಕೈತಪ್ಪಿದ್ದಕ್ಕೆ ನೀವು ದುಃಖಪಟ್ಟಿದ್ದೀರಾ? ಬಹುಶಃ ಇಲ್ಲ. ನೆರೆಯವರು ಮನೆ ಬದಲಿಸಿದರೆ ಯಾರು ತಾನೇ ಬಂದು ಸಮಾಧಾನ ಹೇಳುತ್ತಾರೆ! ಅವರಿಗೆ ಒಂದು ಫೋನ್ ಮಾಡಿ. ಕಾರಿನ ಸ್ಥಿತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಸತ್ಯ ಹೇಳುವ ಅಭ್ಯಾಸಕ್ಕೆ ಅವರು ಒಳ್ಳೆಯ ಮೊದಲ ಕಿವಿ, ಏಕೆಂದರೆ ಅವರ ಎದುರು ನೀವು ಮರ್ಯಾದೆ ಉಳಿಸಿಕೊಳ್ಳಬೇಕಾದ್ದು ಏನೂ ಇಲ್ಲ.

ಇನ್ನು ರಾತ್ರಿಯ ಆರ್ಡರ್‌ಗಳು. ಗ್ಯಾರೇಜಿಗೆ ಕಾಲಿಡಲಾಗದ ವ್ಯಕ್ತಿ ಹೊಸ ಬಂಪರ್ ತರಿಸುವುದು ಮೇಲ್ನೋಟಕ್ಕೆ ವಿಚಿತ್ರ, ಒಳಗೆ ಅದಕ್ಕೊಂದು ಅರ್ಥವಿದೆ. ಆರ್ಡರ್ ಮಾಡಿದ ಆ ಗಳಿಗೆಯಲ್ಲಿ ಕೆಲಸ ಮುಂದೆ ಹೋದಂತೆ ಅನಿಸುತ್ತದೆ. ತಪ್ಪಿತಸ್ಥ ಭಾವನೆ ಅರ್ಧ ಗಂಟೆ ಸುಮ್ಮನಾಗುತ್ತದೆ. ಪೆಟ್ಟಿಗೆ ಮನೆಗೆ ಬಂದ ದಿನ ಅದೇ ಭಾವನೆ ಬಡ್ಡಿಯೊಡನೆ ವಾಪಸು ಬರುತ್ತದೆ. ಆಮೇಲೆ ಮತ್ತೊಂದು ಆರ್ಡರ್. ದುರಾಸೆಯಿಂದಲೋ ಶೋಕಿಗಾಗಿಯೋ ನೀವು ಹೀಗೆ ಮಾಡಿದಿರೆಂದು ನಾನು ನಂಬುವುದಿಲ್ಲ. ಆದರೆ ಇದು ನಿಲ್ಲಬೇಕು, ಇಂದೇ ನಿಲ್ಲಬೇಕು. ಅಂಗಡಿಗಳ ಸೈಟುಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿಹಾಕಿ. ಸಿಲ್ ಸರಿಯಾಗುವವರೆಗೆ ಕ್ರೋಮ್, ಸೀಟು, ಕಾರ್ಪೆಟ್ಟಿನ ಕಡೆ ತಲೆ ಹಾಕಬೇಡಿ.

ನಿಮ್ಮ ಹೆಂಡತಿಯ ಮಾತಿಗೆ ಬರುತ್ತೇನೆ. ನೀವು ಅದನ್ನು ದೂರು ಎಂದು ಓದಿಕೊಂಡಿದ್ದೀರಿ. ನನಗೆ ಅದರಲ್ಲಿ ಕೇಳಿಸಿದ್ದು ಬೇರೆ. "ಕಾರು ಮಾರು" ಎಂದು ಅವರು ಎಲ್ಲೂ ಹೇಳಿಲ್ಲ. "ನೀನು ಎಲ್ಲಿರ್ತೀಯ ಅಂತಲೇ ಗೊತ್ತಾಗಲ್ಲ" ಎಂದಿದ್ದಾರೆ. ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡು ಖುಷಿಯಾಗಿ ಒಳಗೆ ಬರುತ್ತಿದ್ದ ಗಂಡ ಅವರಿಗೆ ಗೊತ್ತು. ಸೋಫಾದ ಮೇಲೆ ಕೂತೂ ಕೂರದಂತಿರುವ ಈಗಿನ ಗಂಡ ಅವರಿಗೆ ಅರ್ಥವಾಗುತ್ತಿಲ್ಲ. ಕಾರಣ ತಿಳಿಯದೇ ಇದ್ದಾಗ ಮನುಷ್ಯರು ತಮ್ಮಲ್ಲೇ ತಪ್ಪು ಹುಡುಕುತ್ತಾರೆ, ಇಲ್ಲವೇ ಇನ್ನೂ ಕೆಟ್ಟದ್ದನ್ನು ಊಹಿಸುತ್ತಾರೆ. ಏಳು ಸಾವಿರ ಪೌಂಡಿನ ಸುಳ್ಳು ಅವರಿಗೆ ನೋವು ಕೊಡುತ್ತದೆ, ಅದರಲ್ಲಿ ಅನುಮಾನ ಬೇಡ. ಕೋಪ ಬಂದರೆ ಅದು ನ್ಯಾಯವಾದ ಕೋಪ. ಆದರೂ ಬ್ಯಾಂಕಿನ ಕಾಗದದಿಂದ ತಿಳಿಯುವುದಕ್ಕಿಂತ ನಿಮ್ಮ ಬಾಯಿಂದಲೇ ತಿಳಿಯುವುದು ಇಬ್ಬರಿಗೂ ಒಳ್ಳೆಯದು.

ಆದ್ದರಿಂದ ಕಾರು ಮುಟ್ಟುವ ಮೊದಲು ಈ ಕೆಲಸ ಮಾಡಿ. ಒಂದು ಹಾಳೆಯಲ್ಲಿ ಪೂರ್ತಿ ಲೆಕ್ಕ ಬರೆಯಿರಿ: ಕಾರಿಗೆ ಕೊಟ್ಟದ್ದು, ಸಾಮಾನಿಗೆ ಹೋದದ್ದು, ಕಾರ್ಡಿನ ಬಾಕಿ, ಅದರ ಬಡ್ಡಿ. ಏನನ್ನೂ ಉಳಿಸಿಕೊಳ್ಳಬೇಡಿ. ಆಮೇಲೆ ಇನ್ನೂ ಐನೂರು ಹೊರಬಿದ್ದರೆ ಮೊದಲು ಹೇಳಿದ ಸತ್ಯಕ್ಕೂ ಬೆಲೆ ಇರುವುದಿಲ್ಲ. ಮಗಳು ಮಲಗಿದ ಮೇಲೆ, ಅವಸರವಿಲ್ಲದ ಒಂದು ಸಂಜೆ, ಆ ಹಾಳೆಯನ್ನು ಅವರ ಮುಂದಿಡಿ. ಪೀಠಿಕೆ ಉದ್ದ ಬೇಡ. "ನಾಲ್ಕು ಸಾವಿರ ಅಂದಿದ್ದೆ, ಹನ್ನೊಂದಾಗಿದೆ. ಹೇಳೋಕೆ ಹೆದರಿಕೊಂಡೆ, ತಪ್ಪಾಯ್ತು. ಇನ್ಮೇಲೆ ನಿನ್ನ ಕೇಳದೆ ಒಂದು ಪೌಂಡೂ ಹಾಕಲ್ಲ" ಎಂದರೆ ಸಾಕು. ಆಮೇಲೆ ಸುಮ್ಮನಿದ್ದು ಕೇಳಿಸಿಕೊಳ್ಳಿ. ಅತ್ತರೆ ಅಳಲಿ, ಬೈದರೆ ಬೈಯಲಿ. ಸಮರ್ಥನೆಗೆ ಇಳಿಯಬೇಡಿ. ಕ್ಷಮೆ ಆ ರಾತ್ರಿಯೇ ಸಿಗಬೇಕೆಂಬ ನಿರೀಕ್ಷೆಯೂ ಬೇಡ. ಕಾರ್ಡಿನ ಬಾಕಿ ತಿಂಗಳ ಸಂಬಳದಲ್ಲಿ ಇಳಿಯುವಂತಿಲ್ಲದಿದ್ದರೆ ಬ್ರಿಟನ್ನಿನಲ್ಲಿ ಸ್ಟೆಪ್‌ಚೇಂಜ್ ಎಂಬ ಸೇವಾ ಸಂಸ್ಥೆ ಸಾಲದ ಬಗ್ಗೆ ಉಚಿತ ಸಲಹೆ ಕೊಡುತ್ತದೆ. ಅಲ್ಲಿಗೆ ಹೋಗುವುದು ಅವಮಾನವೇನಲ್ಲ. ಪೆಟ್ಟಿಗೆ ಒಡೆಯದ ಬಂಪರ್, ಸೀಟಿನ ಚರ್ಮಕ್ಕೆ ಎಂಜಿ ಕಾರುಗಳ ಕ್ಲಬ್ಬಿನ ಸದಸ್ಯರಲ್ಲಿ ಗಿರಾಕಿ ಸಿಗುತ್ತಾರೆ. ಮಾರಿ ಆ ಹಣವನ್ನು ನೇರವಾಗಿ ಕಾರ್ಡಿಗೆ ಕಟ್ಟಿ.

ಕಾರಿನ ವಿಚಾರಕ್ಕೆ ಅವಸರವಿಲ್ಲ. ರಸ್ತೆಗೆ ಇಳಿಸುತ್ತಿಲ್ಲ ಎಂಬ ಹೇಳಿಕೆಯನ್ನು ವಾಹನ ನೋಂದಣಿಯ ಡಿವಿಎಲ್ಎ ಕಚೇರಿಗೆ ಕೊಟ್ಟಿದ್ದರೆ ಗ್ಯಾರೇಜಿನಲ್ಲಿ ನಿಂತ ಕಾರಿಗೆ ತೆರಿಗೆಯೂ ಇಲ್ಲ, ವಿಮೆ ಕಡ್ಡಾಯವೂ ಅಲ್ಲ. ಕೊಟ್ಟಿಲ್ಲವಾದರೆ ಈ ವಾರವೇ ಕೊಡಿ. ಅಂದರೆ ಯಾವ ಕಾನೂನೂ ನಿಮ್ಮ ಬೆನ್ನು ಹತ್ತಿಲ್ಲ. ಬೆನ್ನು ಹತ್ತಿರುವುದು ನಿಮ್ಮದೇ ಮನಸ್ಸು. ಮೊದಲ ಭೇಟಿಯಲ್ಲಿ ಪಾನಾ ಹಿಡಿಯಲೇಬೇಡಿ. ಒಂದು ನೋಟ್‌ಬುಕ್ಕು, ಫೋನಿನ ಕ್ಯಾಮೆರಾ, ಸ್ವಲ್ಪ ಜಿಪ್ ಕವರು, ಮಾರ್ಕರ್ ಪೆನ್ನು ಸಾಕು. ಯಾವ ಡಬ್ಬಿಯಲ್ಲಿ ಏನಿದೆ, ಏನು ಕಳೆದಿದೆ, ಏನು ಎರಡೆರಡು ಬಂದಿದೆ ಎಂದು ಬರೆದುಕೊಳ್ಳಿ. ಒಂದು ಗಂಟೆಗೆ ಅಲಾರಂ ಇಟ್ಟುಕೊಳ್ಳಿ. ಅದು ಬಡಿದಾಗ ಹೊರಗೆ ಬನ್ನಿ, ಇನ್ನೂ ಮಾಡಬೇಕೆನಿಸುತ್ತಿದ್ದರೂ ಬನ್ನಿ. ಮಗಳಿಗೆ ಇಷ್ಟವಿದ್ದರೆ ಹೆಸರು ಚೀಟಿ ಅಂಟಿಸುವ ಕೆಲಸ ಅವಳಿಗೆ ಕೊಡಿ. ಹೀಗೆ ಕೆಲವು ವಾರ ಕಳೆದರೆ ಗ್ಯಾರೇಜ್ ಎಂದಾಗ ಎದೆ ಹೊಡೆದುಕೊಳ್ಳುವುದು ಕಡಿಮೆಯಾಗುತ್ತದೆ. ನಿರ್ಧಾರ ಮಾಡಲು ಬೇಕಾದ ಮಾಹಿತಿಯೂ ಕೈಗೆ ಬಂದಿರುತ್ತದೆ.

ನಿರ್ಧಾರವನ್ನು ಇಬ್ಬರೂ ಕೂತು ಮಾಡಿ. ವೆಲ್ಡಿಂಗ್ ಬಲ್ಲವರನ್ನು ಮನೆಗೇ ಕರೆಸಿ, ಸಿಲ್‌ಗಳಿಗೂ ಬಾಡಿ ಸರಿಪಡಿಸುವುದಕ್ಕೂ ಎಷ್ಟಾಗುತ್ತದೆಂದು ಬರಹದಲ್ಲಿ ಅಂದಾಜು ತೆಗೆದುಕೊಳ್ಳಿ. ಆ ಮೊತ್ತ ಮನೆಯ ಲೆಕ್ಕಕ್ಕೆ ಹೊಂದಿದರೆ ಆ ಒಂದು ಭಾಗವನ್ನು ಅವರಿಗೆ ಒಪ್ಪಿಸಿ, ಉಳಿದದ್ದನ್ನು ನಿಮ್ಮ ಕೈಯಿಂದ ಮಾಡಿ. ಈಗ ಹೊಂದದಿದ್ದರೆ ಸಾಲ ತೀರುವವರೆಗೆ ಬಾಡಿಯ ಮೇಲೆ ತುಕ್ಕು ತಡೆಯುವ ಎಣ್ಣೆ ಹೊಡೆದು ಮುಚ್ಚಿಡಿ. ಒಂದು ದಿನಾಂಕ ಗೊತ್ತುಮಾಡಿ, ಅಲ್ಲಿಯವರೆಗೆ ಅದರ ಮಾತು ಬೇಡ. ಮಾರುವುದೂ ಒಂದು ದಾರಿ. ಬಿಚ್ಚಿಟ್ಟ ಕಾರಿಗೆ ಹಾಕಿದ ದುಡ್ಡು ವಾಪಸು ಬರುವುದಿಲ್ಲ ಎಂಬುದನ್ನು ತಿಳಿದೇ ಆ ದಾರಿ ಹಿಡಿಯಬೇಕು. ಆದರೆ ಪಾಪಪ್ರಜ್ಞೆ ಬೇಡ. 1962ರಿಂದ 1980ರ ನಡುವೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು. ನಿಮ್ಮದು ಭೂಮಿಯ ಮೇಲೆ ಉಳಿದ ಕೊನೆಯ ಕಾರಲ್ಲ. ಮುಂದೊಂದು ದಿನ, ಓಡುವ ಸ್ಥಿತಿಯಲ್ಲಿರುವ ಇನ್ನೊಂದನ್ನು ಕೊಳ್ಳುವ ಅವಕಾಶ ಇದ್ದೇ ಇರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಎರಡು ದಾರಿಗಳಲ್ಲಿ ಒಂದನ್ನು ಆರಿಸಿ ಎನ್ನುತ್ತೇನೆ. ಪತ್ರದ ತುಂಬ ಸಂಕಟವಿದೆ, ಕಾರು ಸಾಕಾಯಿತೆಂಬ ಮಾತು ಮಾತ್ರ ಎಲ್ಲೂ ಇಲ್ಲ.

ಉಳಿಸಿಕೊಳ್ಳುವುದಾದರೆ ಗುರಿಯನ್ನು ಸ್ವಲ್ಪ ಇಳಿಸಿ. ಬಹುಮಾನ ಗೆಲ್ಲುವ ಕಾರಿನ ಬದಲು ಭಾನುವಾರ ಬೆಳಿಗ್ಗೆ ಓಡುವ ಕಾರು ಸಾಕು ಎಂದುಕೊಳ್ಳಿ. ಬಣ್ಣ ಸ್ವಲ್ಪ ಮಾಸಿದ್ದರೆ ಮಾಸಿರಲಿ. ಈ ಹವ್ಯಾಸದ ನಿಜವಾದ ಸುಖ ಇರುವುದು ಕಾರು ಓಡಲು ಶುರುವಾದ ಮೇಲಿನ ಆರೈಕೆಯಲ್ಲಿ. ಮೂರು ಸಾವಿರ ಮೈಲಿಗೊಮ್ಮೆ ಮುಂದಿನ ಚಕ್ರಗಳ ಕಿಂಗ್‌ಪಿನ್‌ಗಳಿಗೆ ಗ್ರೀಸ್ ತುಂಬುವುದು, ಎಸ್‌ಯು ಕಾರ್ಬುರೇಟರ್‌ಗಳ ಮೇಲಿನ ಡ್ಯಾಶ್‌ಪಾಟ್‌ನಲ್ಲಿ ಎಣ್ಣೆ ನೋಡುವುದು, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು. 2021ರಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇಕಡಾ ಹತ್ತರವರೆಗೂ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುವುದರಿಂದ ಹೊಸ ಬಗೆಯ ಪೈಪು ಹಾಕುವುದು, ಎಥನಾಲ್ ಕಡಿಮೆಯಿರುವ ಸೂಪರ್ ದರ್ಜೆಯ ಪೆಟ್ರೋಲ್ ತುಂಬಿಸುವುದು. ಇವೆಲ್ಲ ಒಂದೆರಡು ಗಂಟೆಯಲ್ಲಿ ಆಗುವ ಕೆಲಸಗಳು. ಮಾಡಿ ಕೈ ತೊಳೆದರೆ ಅಂದಿಗೆ ಮುಗಿಯಿತು. ಕೆಲಸ ಮುಗಿದ ಆ ಸಮಾಧಾನ ನಿಮಗೆ ಎಷ್ಟೋ ದಿನದಿಂದ ಸಿಕ್ಕಿಲ್ಲ. ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ಅಲ್ಲಿ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಹಾಗಿದ್ದರೂ ಇಷ್ಟು ವೆಲ್ಡಿಂಗ್ ಆದ ಕಾರಿನಲ್ಲಿ ಹೆಂಡತಿ ಮಗಳನ್ನು ಕೂರಿಸುವ ಮೊದಲು ನೀವಾಗಿಯೇ ಒಮ್ಮೆ ಮಾಡಿಸಿ.

ಎರಡು ಎಚ್ಚರಿಕೆಗಳನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಎಂದೂ ಹೋಗಬೇಡಿ, ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್ ಇಟ್ಟೇ ಹೋಗಿ. ಅರ್ಧ ಕತ್ತರಿಸಿದ ಬಾಡಿ ಮೊದಲಿನಷ್ಟು ಗಟ್ಟಿ ಇರುವುದಿಲ್ಲವೆಂಬುದೂ ನೆನಪಿರಲಿ. ಆ ಕಾಲದ ಬ್ರೇಕ್, ಕ್ಲಚ್ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಆ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಬೇಸರದಲ್ಲೋ ಕೋಪದಲ್ಲೋ, ಮನೆಯಲ್ಲಿ ಮಾತು ಮುರಿದು ಎದ್ದು ಬಂದ ರಾತ್ರಿಯೋ, ಈ ಕೆಲಸಗಳಿಗೆ ಕೈ ಹಾಕಲೇಬೇಡಿ.

ಜೊತೆಗಾರರು ಮತ್ತೆ ಬೇಕು. 1930ರಲ್ಲಿ ಶುರುವಾದ ಎಂಜಿ ಕಾರ್ ಕ್ಲಬ್, 1973ರ ಎಂಜಿ ಓನರ್ಸ್ ಕ್ಲಬ್, ಎರಡಕ್ಕೂ ಊರೂರುಗಳಲ್ಲಿ ಬಳಗಗಳಿವೆ. ಓಡುವ ಕಾರು ಇಲ್ಲದೆ ಹೇಗೆ ಹೋಗುವುದೆಂಬ ಸಂಕೋಚ ಬೇಡ. ಬಸ್ಸಿನಲ್ಲಿ ಹೋಗಿ, ಸಿಲ್ ಹತ್ತಿರ ನಿಂತಿದೆ ಎಂದು ಹೇಳಿ. "ನಂದೂ ಅಲ್ಲೇ ನಿಂತಿತ್ತು" ಎನ್ನುವವರು ಸಿಕ್ಕೇ ಸಿಗುತ್ತಾರೆ. ಮನಸ್ಸು ಸ್ವಲ್ಪ ಹಗುರವಾಗುತ್ತದೆ, ಒಳ್ಳೆಯ ವೆಲ್ಡರ್ ಯಾರೆಂಬುದೂ ತಿಳಿಯುತ್ತದೆ.

ಅಪ್ಪನ ಪ್ರಶ್ನೆ ಉಳಿಯಿತು. ಏಳು ಸಮುದ್ರದಾಚೆ ಇರುವ ಮಗನೊಡನೆ ಮಾತು ಎಲ್ಲಿಂದ ಶುರುಮಾಡಬೇಕೆಂದು ತೋಚದೆ ಎಷ್ಟೋ ತಂದೆಯರು ಇಂಥದ್ದೊಂದು ಪ್ರಶ್ನೆಯನ್ನು ಹಿಡಿದುಕೊಂಡಿರುತ್ತಾರೆ. ಅವರು ಕಾರಿನ ಪರೀಕ್ಷೆ ತೆಗೆದುಕೊಳ್ಳುತ್ತಿಲ್ಲ, ನಿಮ್ಮ ಧ್ವನಿ ಕೇಳುತ್ತಿದ್ದಾರೆ. ಮುಂದಿನ ಭಾನುವಾರ "ನಿಂತುಹೋಗಿದೆ ಅಪ್ಪ, ನಾನು ಅಂದ್ಕೊಂಡಿದ್ದಕ್ಕಿಂತ ಕಷ್ಟ ಇದೆ" ಎಂದು ಹೇಳಿ ನೋಡಿ. ದುಡ್ಡಿನ ಲೆಕ್ಕ ಅವರಿಗೆ ಒಪ್ಪಿಸಬೇಕಾಗಿಲ್ಲ.

ಕೊನೆಗೆ ಒಂದು ವಿಷಯವನ್ನು ಕಾಳಜಿಯಿಂದ ಕೇಳುತ್ತೇನೆ. ಗ್ಯಾರೇಜ್ ಬಿಟ್ಟು ಉಳಿದ ಕಡೆ ಹೇಗಿದ್ದೀರಿ? ನಿದ್ದೆ ಕೆಟ್ಟಿದೆಯೇ, ಊಟ ರುಚಿಸುತ್ತಿಲ್ಲವೇ, ಆಫೀಸಿನ ಕೆಲಸದಲ್ಲೂ, ಮಗಳ ಆಟದಲ್ಲೂ ಮನಸ್ಸು ನಿಲ್ಲುತ್ತಿಲ್ಲವೇ? ಹೌದಾದರೆ ಮತ್ತು ಅದು ಎರಡು ವಾರ ದಾಟಿದ್ದರೆ ನಿಮ್ಮ ಜಿಪಿ ವೈದ್ಯರನ್ನು ಕಾಣಿ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಸೇವೆಗೆ ವೈದ್ಯರ ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು. ಬದುಕೇ ಬೇಡವೆನಿಸುವ ಯೋಚನೆ ಬಂದರೆ ಒಂದು ಗಳಿಗೆಯೂ ಕಾಯಬೇಡಿ. ಸಮಾರಿಟನ್ಸ್ ಸಂಸ್ಥೆಯ 116 123 ಹಗಲು ರಾತ್ರಿ ತೆರೆದಿರುತ್ತದೆ. ಭಾರತದಲ್ಲಿರುವ ಓದುಗರಿಗೆ ಟೆಲಿ-ಮನಸ್ ಸಹಾಯವಾಣಿ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಲೆಕ್ಕದ ಹಾಳೆಯನ್ನು ಈ ವಾರವೇ ಬರೆಯಿರಿ. ಹೆಂಡತಿಯೊಡನೆ ಮಾತಾಡಿದ ಮೇಲೆ, ಅದು ಹೇಗೇ ನಡೆದಿರಲಿ, ನನಗೊಂದು ಸಾಲು ಬರೆದು ತಿಳಿಸಿ.